ಗೇಮು ನಿಂತ್ ನಿಂತ್ ಓಡ್ತದೆ ಮೇಡಮ್ಮ

ಮಾನ ಹೋಗುವುದಿದ್ದರೆ ಒಂದೇ ಸಲ ಹೋಗಿಬಿಡಬೇಕು. ಅತ್ತು, ಮುಖ ತೊಳೆದು, ಅಡುಗೆ ಮನೆಗೆ ಹೋಗಬಹುದು. ನನ್ನದು ಹಾಗೆ ಹೋಗಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಹೋಯಿತು. ಈಗಲೂ ಹೋಗುತ್ತಲೇ ಇದೆ, ಮೊನ್ನೆ ಬ್ಯಾಂಕಿನಲ್ಲೂ ಒಂದಿಷ್ಟು ಹೋಯಿತು. ಆದರೆ ಅದರ ದೊಡ್ಡ ಪಾಲು ಹೋದದ್ದು ಎರಡು ಸಾವಿರದ ಐದು, ಆರನೇ ಇಸವಿಯ ಸುಮಾರಿಗೆ, ಒಂದೇ ಒಂದು ಕಾಯಿಲೆಯ ದೆಸೆಯಿಂದ. ಕಾಯಿಲೆ ನನ್ನದಲ್ಲ, ಕಂಪ್ಯೂಟರ್‌ಗಳದ್ದು. ಚೆನ್ನಾಗಿ ಓಡುತ್ತಿದ್ದ ಗೇಮು ಇದ್ದಕ್ಕಿದ್ದ ಹಾಗೆ ಎಳೆಯತೊಡಗುತ್ತಿತ್ತು. ಜನ ನನಗೆ ಫೋನ್ ಮಾಡುತ್ತಿದ್ದರು.

ಆಗ ನಾನು ಚಾಮರಾಜನಗರದಲ್ಲಿ ಒಂದು ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದೆ. ಮಹಡಿ ಮೇಲೆ ಎರಡು ರೂಮು. ಒಂದರಲ್ಲಿ ಹೆಣ್ಣುಮಕ್ಕಳಿಗೆ ಟೈಪಿಂಗ್ ಕಲಿಸುವುದು, ಇನ್ನೊಂದರಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿಕೊಡುವುದು. ರಿಪೇರಿ ನನ್ನ ವಿದ್ಯೆಯೇ ಅಲ್ಲ. ಆದರೆ ಕಂಪ್ಯೂಟರ್ ಆನ್ ಮಾಡಲು ಬಂದವರಿಗೆ ಅದನ್ನು ಬಿಚ್ಚಲೂ ಬರುತ್ತದೆ ಎಂದು ಊರಿನವರು ನಂಬಿದ್ದರು. ದೊಡ್ಡವರ ನಂಬಿಕೆಯನ್ನು ಕೆಡಿಸಬಾರದು ಎಂದು ನಾನೂ ಒಂದು ಸ್ಕ್ರೂಡ್ರೈವರ್ ಕೊಂಡು, ಅದರ ಹಿಡಿ ಹೊರಗೆ ಕಾಣುವ ಹಾಗೆ ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು ಓಡಾಡತೊಡಗಿದೆ.

ಇನ್ನು ಗೇಮಿನ ವಿಚಾರ. ಹುಟ್ಟಿದಾಗಿನಿಂದ ನಾನು ಆಡಿದ ಆಟ ಚೌಕಾಬಾರ ಒಂದೇ. ಅದರಲ್ಲೂ ನನ್ನ ಕಾಯಿ ಮನೆ ಸೇರಿದ್ದು ಕಡಿಮೆ.

೧. ನಿಧಾನ ಯಾರು?

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಬ್ಬರು ಟೈಲರ್ ಇದ್ದರು. ಐವತ್ತರ ಆಸುಪಾಸು, ಮೆತ್ತಗಿನ ಮಾತು, ಎಲ್ಲರೂ ಅವರನ್ನು ಭಾಯ್ ಎಂದೇ ಕರೆಯುತ್ತಿದ್ದರು. ರವಿಕೆ ಹೊಲಿಯುವುದರಲ್ಲಿ ಅವರದು ಸುತ್ತಮುತ್ತ ಹೆಸರಾದ ಕೈ. ತಮ್ಮ ತಂಗಿಯ ಮಗಳನ್ನು ಟೈಪಿಂಗ್‌ಗೆ ಸೇರಿಸಲು ನನ್ನ ಸೆಂಟರಿಗೆ ಬಂದವರು, ಮಾತಿಗೆ ಮಾತು ಬಂದು, ಹೊಲಿಗೆ ಈಗ ಮೊದಲಿನ ಹಾಗಿಲ್ಲ ಎಂದರು.

ನನಗೆ ಅಷ್ಟು ಸಾಕಾಯಿತು. ರೆಡಿಮೇಡ್ ಬಂದಿದೆ ಭಾಯ್, ಇನ್ನು ಯಾರೂ ಅಳತೆ ಕೊಟ್ಟು ಕಾಯುವುದಿಲ್ಲ, ಮುಂದಿನ ಕಾಲವೆಲ್ಲ ಕಂಪ್ಯೂಟರಿನದು, ಒಂದು ಆರು ಇಡಿ, ಗೇಮ್ ಹಾಕಿ, ಹುಡುಗರು ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ ಎಂದು ದೊಡ್ಡ ಭಾಷಣವನ್ನೇ ಮಾಡಿದೆ. ನನ್ನ ಭಾಷಣಕ್ಕೆ ಮನೆಯಲ್ಲಿ ಯಾರೂ ತಲೆ ಆಡಿಸುವುದಿಲ್ಲ. ಈ ಪುಣ್ಯಾತ್ಮರು ಆಡಿಸಿದರು. ಊರಿಗೆ ಹೋಗಿ, ಹೊಲಿಗೆ ಮಿಷನ್ನನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿ, ಅದೇ ಅಂಗಡಿಯಲ್ಲಿ ಆರು ಕಂಪ್ಯೂಟರ್ ಇಟ್ಟರು. ಮೈಸೂರಿನಿಂದ ಬಿಡಿಭಾಗ ತರಿಸಿ ಜೋಡಿಸಿಕೊಟ್ಟವಳೂ ನಾನೇ. ಟೇಪು ಕತ್ತರಿ ಹಿಡಿದಿದ್ದ ಕೈ ಮೌಸ್ ಹಿಡಿದದ್ದು ನೋಡಿ ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಯಿತು.

ಮೊದಮೊದಲು ನಾನು ಹೇಳಿದ ಹಾಗೇ ನಡೆಯಿತು. ಹುಡುಗರು ಸಾಲು ನಿಂತರು. ಆಮೇಲೊಂದು ದಿನ ಫೋನ್ ಬಂತು.

"ಗೇಮು ನಿಂತ್ ನಿಂತ್ ಓಡ್ತದೆ ಮೇಡಮ್ಮ."

ಕಾರಿನ ಆಟದಲ್ಲಿ ಕಾರು ತಿರುವಿನಲ್ಲಿ ನಿಂತು ಯೋಚನೆ ಮಾಡುತ್ತದಂತೆ. ಗುಂಡು ಹಾರಿಸುವ ಆಟದಲ್ಲಿ, ಹುಡುಗ ಗುಂಡು ಹಾರಿಸಿ, ಅದು ಹೋಗಿ ತಾಗುವಷ್ಟರಲ್ಲಿ, ಸಾಯಬೇಕಾದವನು ಬೇರೆ ಕಡೆ ಹೋಗಿರುತ್ತಾನಂತೆ. ಹುಡುಗರು ಗೊಣಗುತ್ತಿದ್ದಾರೆ. ಎದುರು ಬೀದಿಯಲ್ಲಿ ಇನ್ನೊಬ್ಬರು ಬೇರೆ ಗೇಮ್ ಸೆಂಟರ್ ತೆರೆಯುತ್ತಿದ್ದಾರೆ. ಭಾಯ್ ಇದನ್ನೆಲ್ಲ ಹೇಳಿ, ಕೊನೆಗೆ ಇನ್ನೂ ತಗ್ಗಿದ ದನಿಯಲ್ಲಿ ಹೇಳಿದರು: "ಹೊಲಿಗೆ ಗಿರಾಕಿಗಳೆಲ್ಲ ಬೇರೆ ಟೈಲರ್ ಹಿಡ್ಕಂಡವ್ರೆ. ಇದೂ ಹೋದ್ರೆ ನಾನು ಎಲ್ಲಿಗೋಗ್ಲಿ ಹೇಳಿ."

ಗುರುವಾರ ಬರುತ್ತೇನೆ ಎಂದು ಹೇಳಿ, ಗುರುವಾರವೇ ಹೋದೆ. ನೋಡಿದರೆ ಆರು ಕಂಪ್ಯೂಟರೂ ತಣ್ಣಗೆ ಕುಳಿತಿವೆ. ಆನ್ ಮಾಡಿದರೆ ಸೊಗಸಾಗಿ ಓಡುತ್ತಿವೆ. ಆದರೆ ಗೇಮು ಎಳೆಯುತ್ತದೋ ಇಲ್ಲವೋ ನೋಡಬೇಕಾದರೆ ಆಡಿಯೇ ನೋಡಬೇಕಲ್ಲ. ನಾನು ಕುರ್ಚಿಯಲ್ಲಿ ಕುಳಿತು, ಸೆರಗು ಸಿಕ್ಕಿಸಿ, ಕಾರಿನ ಆಟ ಶುರು ಮಾಡಿದೆ. ಬೆನ್ನ ಹಿಂದೆ ಹುಡುಗರ ಗುಂಪು. ನನ್ನ ಕಾರು ಹೊರಟಿತು, ಲೈಟು ಕಂಬಕ್ಕೆ ಹೊಡೆಯಿತು, ಗೋಡೆಗೆ ಒರಗಿ ನಿಂತಿತು, ಹಿಂದೆ ಬಂತು, ಮತ್ತೆ ಅದೇ ಕಂಬಕ್ಕೆ ಹೊಡೆಯಿತು, ಕೊನೆಗೆ ಹೊರಟ ಕಡೆಗೇ ಮುಖ ಮಾಡಿ ವಾಪಸ್ ಹೊರಟಿತು. ಮಿಕ್ಕ ಕಾರುಗಳೆಲ್ಲ ಎದುರಿನಿಂದ ಬಂದವು.

ನಾನು ಹಣೆ ಒರೆಸಿಕೊಂಡು, ಎಲ್ಲೋ ಎಳೀತಿರೋ ಹಾಗಿದೆ ಎಂದೆ. ಹೈಸ್ಕೂಲ್ ಯೂನಿಫಾರಂನಲ್ಲಿದ್ದ ಒಬ್ಬ ಬಹಳ ವಿನಯದಿಂದ ಬಗ್ಗಿ ಹೇಳಿದ: "ಇಲ್ಲ ಮೇಡಂ, ಈಗ ಗೇಮ್ ಸ್ಲೋ ಇಲ್ಲ. ನೀವೇ ಸ್ಲೋ."

೨. ಅರಿಶಿನ ಶಾಸ್ತ್ರ

ನಾನು ಬೆನ್ನು ತಿರುಗಿಸಿ ಬಂದ ಮರುದಿನವೇ ಭಾಯ್ ಅಂಗಡಿಯಲ್ಲಿ ಕಾರು ಮತ್ತೆ ಯೋಚನೆಗೆ ಬಿದ್ದಿತ್ತು. ನಾನೂ ಯೋಚನೆಗೆ ಬಿದ್ದೆ. ಅದೇ ವಾರ ಚಾಮರಾಜನಗರದ ಒಂದು ಅರಿಶಿನ ಮಂಡಿಯಿಂದ ಕರೆ ಬಂತು.

ಮಂಡಿಯ ಯಜಮಾನರು ಅಚ್ಚ ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಊರಿನಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುವ ಮನುಷ್ಯ. ಗುಮಾಸ್ತರ ಎದುರು ಗತ್ತಿನಿಂದ, ಲೆಕ್ಕದ ಕಂಪ್ಯೂಟರು ನಿಧಾನ ಆಗಿದೆ, ನೋಡಿ ಎಂದರು. ನಾನು ಲೆಕ್ಕ ತೆಗೆದು ನೋಡಿದೆ. ಲೆಕ್ಕ ಸರಿಯಾಗೇ ಓಡುತ್ತಿತ್ತು. ಹಾಗೆಂದೆ. ಯಜಮಾನರು ಗುಮಾಸ್ತರನ್ನು ಕಾಫಿ ತರಲು ಕಳಿಸಿ, ಬಾಗಿಲು ಮುಂದೆ ಮಾಡಿ, ನನ್ನ ಕಿವಿಯ ಹತ್ತಿರ ಬಂದರು.

"ಲೆಕ್ಕ ಅಲ್ಲ ಕಣವ್ವಾ. ಕ್ರಿಕೆಟ್ಟು. ಬೌಲರ್ ಓಡಿ ಬರೋ ಹೊತ್ಗೆ ನಾನು ಒಂದು ಲೋಡು ಯಾಪಾರ ಮುಗಿಸ್ಬುಡ್ತೀನಿ."

ಕ್ಯಾಬಿನೆಟ್ ಬಿಚ್ಚಿದೆ. ಒಳಗೆ ಕಂಪ್ಯೂಟರೇ ಕಾಣಲಿಲ್ಲ, ಬರೀ ಹಳದಿ. ಪಕ್ಕದಲ್ಲೇ ಅರಿಶಿನ ಪಾಲಿಶ್ ಮಾಡುವ ಡ್ರಮ್ಮು ತಿರುಗುತ್ತಿತ್ತು. ಅದರ ಧೂಳೆಲ್ಲ ಬಂದು ಫ್ಯಾನಿನ ರೆಕ್ಕೆಗೆ ಮೆತ್ತಿ, ಅದರ ಕೆಳಗಿನ ಸಂದಿಗಳಲ್ಲಿ ಗಟ್ಟಿಯಾಗಿ ಕುಳಿತಿತ್ತು. ಫ್ಯಾನು ತಿರುಗದೆ ಒಳಗಿನದು ಬಿಸಿಯಾಗಿ, ಬಿಸಿಯಾದದ್ದು ಕೆಲಸ ನಿಧಾನ ಮಾಡಿತ್ತು. ಜೀವನದಲ್ಲಿ ಮೊದಲ ಸಲ ನನಗೆ ಒಂದು ಕಾಯಿಲೆಯ ಕಾರಣ ಕಣ್ಣೆದುರೇ ಸಿಕ್ಕಿತು. ಸಂತೋಷ ತಡೆಯಲಾರದೆ ಬಾಯಿ ಹಾಕಿ ಜೋರಾಗಿ ಊದಿದೆ.

ಊದಿದ್ದೆಲ್ಲ ನನ್ನ ಮುಖಕ್ಕೇ ಬಂತು. ಕಣ್ಣು, ಮೂಗು, ತಲೆಕೂದಲು, ಕತ್ತು, ಎಲ್ಲ ಹಳದಿ. ನಾನು ಕೆಮ್ಮುತ್ತಿದ್ದರೆ ಯಜಮಾನರು ಓಡಿ ಬಂದರು. ನನಗೆ ನೀರು ಕೊಡಲು ಎಂದುಕೊಂಡೆ. ಅವರು ನನ್ನ ಕಾಲ ಕೆಳಗೆ ಒಂದು ಪೇಪರ್ ಹಾಸಿ, ಇದರ ಮೇಲೆ ಊದು, ಒಳ್ಳೇ ಮಾಲು ಕಣವ್ವಾ ಎಂದರು.

ಕ್ರಿಕೆಟ್ಟು ಗಾಳಿಯಂತೆ ಓಡಿತು. ಆದರೆ ನನ್ನ ಮುಖ ಎಷ್ಟು ತೊಳೆದರೂ ಹೋಗಲಿಲ್ಲ. ಅರಿಶಿನಕ್ಕೆ ನೀರು ಬಿದ್ದರೆ ಇನ್ನೂ ಕಳೆಕಟ್ಟುತ್ತದೆ ಎಂಬುದು ಹೆಣ್ಣಾದ ನನಗೆ ಗೊತ್ತಿರಬೇಕಿತ್ತು. ಶಾಲೆ ಬಿಡುವ ಹೊತ್ತಾಗಿತ್ತು. ಹಾಗೇ ಹೋಗಿ, ಒಂದನೇ ಕ್ಲಾಸಿನಲ್ಲಿದ್ದ ಮಗಳನ್ನು ಕರೆದುಕೊಂಡು, ತಲೆ ತಗ್ಗಿಸಿ ಬೀದಿಯಲ್ಲಿ ಬರುತ್ತಿದ್ದೆ. ಜಗಲಿ ಮೇಲೆ ಕುಳಿತಿದ್ದ ಒಬ್ಬರು ಅಜ್ಜಿ ನನ್ನನ್ನು ನಿಲ್ಲಿಸಿ, ಗಲ್ಲ ಸವರಿ, ಲಕ್ಷಣವಾಗಿದ್ದೀಯೆ ಮಗಾ, ಯಾವತ್ತು ಮದುವೆ ಎಂದು ಕೇಳಿದರು.

ಉತ್ತರ ಕೊಟ್ಟವಳು ಮಗಳು: "ನಮ್ಮಮ್ಮಂಗೆ ಆವಾಗ್ಲೇ ಒಂದ್ಸಲ ಆಗಿದೆ ಅಜ್ಜಿ."

ಮನೆಗೆ ಬಂದವಳೇ, ಮುಖದ ಹಳದಿ ಹೋಗುವ ಮೊದಲೇ, ಭಾಯ್‌ಗೆ ಫೋನ್ ಮಾಡಿದೆ. ಕಾರಣ ಸಿಕ್ಕಿತು ಭಾಯ್, ಧೂಳು! ಧೂಳೇ ಶತ್ರು! ಒಂದು ಕಣ ಕೂಡ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ ಎಂದೆ. ಭಾಯ್ ದನಿಯಲ್ಲಿ ಎಷ್ಟೋ ದಿನದ ಮೇಲೆ ಗೆಲುವು ಬಂತು. ಅದು ನಮ್ಮ ಕೈಲಾಗೋ ಕೆಲಸ ಮೇಡಮ್ಮ, ನೀವು ಯೋಚನೆ ಬಿಡಿ ಎಂದರು.

ಒಂದು ವಾರಕ್ಕೆ ಅವರ ಗೇಮು ಮೊದಲಿಗಿಂತ ನಿಧಾನವಾಯಿತು.

೩. ಕೆಂಪು ಗೆಲ್ಲುತ್ತದೋ, ನೀಲಿ ಗೆಲ್ಲುತ್ತದೋ

ಕುದೇರಿನ ಒಂದು ದೊಡ್ಡ ಮನೆಯಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗನಿಗೆ ಕಂಪ್ಯೂಟರ್ ತೆಗೆದುಕೊಟ್ಟಿದ್ದರು. ಓದಲಿಕ್ಕೆ ಎಂದು ತೆಗೆದುಕೊಟ್ಟದ್ದು, ಗೇಮು ನಿಧಾನವಾದಾಗ ಮಾತ್ರ ನನಗೆ ಫೋನು. ಅಲ್ಲಿ ಧೂಳಿರಲಿಲ್ಲ. ಸಗಣಿ ಸಾರಿಸಿದ ಹಾಗೆ ಚೊಕ್ಕಟವಾಗಿತ್ತು ಕ್ಯಾಬಿನೆಟ್ಟಿನ ಒಳಗೆ. ಕಲಿತ ಒಂದು ವಿದ್ಯೆಯೂ ಉಪಯೋಗಕ್ಕೆ ಬಾರದೆ ನಾನು ಸಪ್ಪಗಾದೆ.

ಆಗ ಕಂಪ್ಯೂಟರಿನಲ್ಲಿ ಒಂದು ಸೌಕರ್ಯವಿತ್ತು. ಡಿಸ್ಕಿನಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದ ಫೈಲುಗಳನ್ನು ಒಪ್ಪವಾಗಿ ಜೋಡಿಸಿಡುವ ಕೆಲಸ ಅದು. ಶುರು ಮಾಡಿದರೆ ಪರದೆಯ ತುಂಬ ಕೆಂಪು, ನೀಲಿ ಚೌಕಗಳು ಬಂದು, ಒಂದೊಂದೇ ಮಿಣುಕುತ್ತ ಜಾಗ ಬದಲಾಯಿಸುತ್ತಿದ್ದವು. ಗಂಟೆಗಟ್ಟಲೆ ಹಿಡಿಯುತ್ತಿತ್ತು. ರಿಪೇರಿ ಗೊತ್ತಿಲ್ಲದವರಿಗೆ ಅದು ದೊಡ್ಡ ಅನುಕೂಲ. ಅದನ್ನು ಹಚ್ಚಿ, ಗಂಭೀರವಾಗಿ ಕೈಕಟ್ಟಿ ಕುಳಿತೆ.

ಅಷ್ಟರಲ್ಲಿ ಮನೆಯ ಅಜ್ಜ ಕೋಲೂರಿಕೊಂಡು ಬಂದು, ಕುರ್ಚಿ ಎಳೆದು ನನ್ನ ಪಕ್ಕ ಕುಳಿತರು. ಸ್ವಲ್ಪ ಹೊತ್ತು ನೋಡಿ, ಇದ್ಯಾವ ಆಟ ಎಂದು ಕೇಳಿದರು. ಇದು ಆಟವಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಹಾಗಾದರೆ ಏನು ಎಂದು ಕೇಳಿದರೆ ವಿವರಿಸುವ ಧೈರ್ಯ ನನಗಿರಲಿಲ್ಲ. ಅಜ್ಜ ಉತ್ತರಕ್ಕೆ ಕಾಯಲೂ ಇಲ್ಲ. ಕೆಂಪು ಗೆಲ್ಲುತ್ತದೋ ನೀಲಿ ಗೆಲ್ಲುತ್ತದೋ ಎಂದರು. ನೀಲಿ ಎಂದೆ.

ಅಲ್ಲಿಂದ ಅಜ್ಜ ನೀಲಿಯ ಕಡೆಯವರಾದರು. ಕೆಂಪು ಒಂದು ಕಡೆ ಗುಂಪು ಕೂಡಿದರೆ ಅವರಿಗೆ ಸಂಕಟ. ನೀಲಿ ಒಂದು ಸಾಲು ತುಂಬಿದರೆ ಕೋಲು ನೆಲಕ್ಕೆ ಕುಟ್ಟುತ್ತಿದ್ದರು. ಊಟಕ್ಕೆ ಕರೆದರೂ ಏಳಲಿಲ್ಲ, ತಟ್ಟೆಯನ್ನು ಅಲ್ಲಿಗೇ ತರಿಸಿಕೊಂಡರು. ನನಗೂ ಮುದ್ದೆ, ಅವರೆಕಾಳು ಸಾರು ಬಂತು. ಕೆಲಸ ಮಾಡದೆ ಉಂಡ ಊಟ ಅಷ್ಟು ರುಚಿಯಾಗಿರಬಾರದಿತ್ತು. ಸಾಯಂಕಾಲ ಪರದೆ ಪೂರ್ತಿ ನೀಲಿಯಾದಾಗ ಅಜ್ಜ ಮೀಸೆ ತಿರುವಿ, ಇಂಥ ಆಟ ಬುಟ್ಟು ಅದ್ಯಾಕೆ ಈ ಹುಡುಗ ಗುಂಡು ಹಾರಿಸ್ತಾನೋ, ಇದ್ರಲ್ಲಿ ಒಂದು ಜೀವ ಸಾಯಂಗಿಲ್ಲ ಎಂದರು. ಪವಾಡವೋ ಏನೋ, ಮೊಮ್ಮಗನ ಗೇಮೂ ಸರಿಹೋಗಿತ್ತು.

ಹತ್ತು ದಿನ ಕಳೆದಿರಬೇಕು, ಅಜ್ಜನೇ ಫೋನ್ ಮಾಡಿಸಿದರು. ಬಹಳ ಸಿಟ್ಟಿನಲ್ಲಿದ್ದರು. ಮೊಮ್ಮಗನಿಂದ ದಿನಾ ಆ ಆಟ ಹಾಕಿಸಿಕೊಳ್ಳುತ್ತಿದ್ದರಂತೆ. ಫೈಲುಗಳೆಲ್ಲ ಒಮ್ಮೆ ಒಪ್ಪವಾಗಿ ಕುಳಿತ ಮೇಲೆ ಮತ್ತೆ ಜೋಡಿಸಲು ಏನೂ ಉಳಿದಿರುವುದಿಲ್ಲವಲ್ಲ.

"ಮೊದ್ಲು ಬೆಳಿಗ್ಗಿಂದ ಸಂದೆಗಂಟ ಬತ್ತಿತ್ತು. ಈಗ ಎಲಡಿಕೆ ಹಾಕೋ ಹೊತ್ಗೆ ಮುಗ್ದೋಯ್ತದೆ. ನೀನೇನೋ ಕೆಡಿಸ್ಬುಟ್ಟಿದ್ದೀಯ ಕಣವ್ವಾ. ಬಂದು ಮೊದ್ಲಂಗೆ ನಿಧಾನ ಮಾಡ್ಕೊಟ್ಟೋಗು."

ಆಟ ಬಹಳ ಬೇಗ ಓಡುತ್ತದೆ ಎಂದು ನನಗೆ ಬಂದ ದೂರು ಅದೊಂದೇ. ಅದನ್ನೂ ಸರಿಮಾಡಲು ನನ್ನಿಂದ ಆಗಲಿಲ್ಲ.

೪. ಪಾಪ, ಸಣ್ಣ ವಯಸ್ಸು

ಭಾಯ್ ಅಂಗಡಿಗೆ ನಾನು ಹೋಗುತ್ತಲೇ ಇದ್ದೆ. ಪ್ರತಿ ಸಲವೂ ಮೊದಲೇ ಫೋನ್ ಮಾಡಿ, ಇಂಥ ದಿನ ಬರುತ್ತೇನೆ ಎಂದು ತಿಳಿಸಿ ಹೋಗುತ್ತಿದ್ದೆ. ಪ್ರತಿ ಸಲವೂ ನಾನು ಕಾಲಿಡುವ ಹೊತ್ತಿಗೆ ಆರು ಕಂಪ್ಯೂಟರೂ ಗುಣವಾಗಿರುತ್ತಿದ್ದವು. ಕುದೇರಿನ ವಿದ್ಯೆ ಅಲ್ಲೂ ಮಾಡಿದೆ. ವೈರಸ್ ಇರಬಹುದು ಎಂದೆ, ಹುಡುಗರು ಸಿಡಿ ತರುವುದನ್ನು ಭಾಯ್ ನಿಲ್ಲಿಸಿದರು. ಕರೆಂಟು ಏರಿಳಿತ ಇರಬಹುದು ಎಂದೆ, ಸ್ಟೆಬಿಲೈಸರ್ ತಂದರು. ಜಾಗ ಸರಿಯಿಲ್ಲ ಎಂದೆ, ಟೇಬಲ್ಲುಗಳನ್ನೆಲ್ಲ ಎದುರು ಗೋಡೆಗೆ ತಿರುಗಿಸಿದರು. ನಾನು ಏನು ಹೇಳಿದರೂ ಮಾಡುತ್ತಿದ್ದರು. ಇದರಿಂದ ನನಗೆ ಬಹಳ ಹಿಂಸೆಯಾಗುತ್ತಿತ್ತು. ಯಾರಾದರೂ ಎದುರು ಮಾತಾಡಿದರೆ ಜಗಳ ಮಾಡಿ ಹಗುರಾಗಬಹುದು. ಈ ಮನುಷ್ಯ ಚಹಾ ತರಿಸಿ, ಬಿಸಿ ಸಮೋಸ ಇಟ್ಟು, ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು.

ಒಂದು ದಿನ ಬೆಳಗಿನಿಂದ ಸಂಜೆಯವರೆಗೂ ಅಲ್ಲೇ ಕುಳಿತು ನೋಡಿದೆ. ಒಂದು ಕಾರೂ ನಿಲ್ಲಲಿಲ್ಲ. ಭಾಯ್ ಹೆಂಡತಿ ಒಳಗಿನಿಂದ, ಕೆಲವು ಡಾಕ್ಟರುಗಳ ಮುಖ ನೋಡಿದರೇ ಅರ್ಧ ಕಾಯಿಲೆ ಹೋಗುತ್ತದೆ ಎಂದು ಕನ್ನಡ, ಉರ್ದು ಬೆರೆಸಿ ಹೇಳಿದರು. ಕೇಳಿಸಿಕೊಂಡ ಹುಡುಗರು ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ನನ್ನ ಸೆಂಟರಿನ ಪ್ರಚಾರದ ಹಾಳೆಯಲ್ಲಿದ್ದ ನನ್ನ ಫೋಟೋವನ್ನು ಕತ್ತರಿಸಿ, ರಟ್ಟಿಗೆ ಅಂಟಿಸಿ, ಕಂಪ್ಯೂಟರ್‌ಗಳ ಮೇಲಿನ ಗೋಡೆಗೆ ಹೊಡೆದರು. ನನ್ನ ಮುಖ ಸದಾ ಅಲ್ಲಿದ್ದರೆ ಗೇಮು ಎಳೆಯುವುದಿಲ್ಲವೆಂದು ಅವರ ಲೆಕ್ಕಾಚಾರ. ಭಾಯ್‌ಗೆ ಇದು ಅಷ್ಟು ಸರಿಕಾಣಲಿಲ್ಲವಂತೆ, ಆದರೆ ಇದ್ದಬದ್ದ ಗಿರಾಕಿಗಳಿಗೆ ಬೇಸರ ಮಾಡಲು ಅವರಿಗೆ ಧೈರ್ಯವಿರಲಿಲ್ಲ.

ಆಯುಧಪೂಜೆ ಬಂತು. ಹುಡುಗರೇ ಹೂ ತಂದು ಕಂಪ್ಯೂಟರ್‌ಗಳಿಗೆ ಹಾಕಿ, ಮಿಕ್ಕಿದ ಚೆಂಡುಹೂವಿನ ಹಾರವನ್ನು ನನ್ನ ಫೋಟೋಗೆ ಹಾಕಿದರು. ಮಾರನೇ ದಿನ ನಾನು ಹೋದಾಗ ಹಾರ ಇನ್ನೂ ಹಾಗೇ ಇತ್ತು. ಅದನ್ನು ಗಮನಿಸದೆ, ವೈರುಗಳನ್ನು ನೋಡೋಣವೆಂದು ಟೇಬಲ್ಲಿನ ಕೆಳಗೆ ನುಗ್ಗಿದೆ. ಆಗ ಮಗನನ್ನು ಕರೆದೊಯ್ಯಲು ಒಬ್ಬ ಹೆಂಗಸು ಒಳಗೆ ಬಂದದ್ದು ನನಗೆ ಅವಳ ಕಾಲಿನಿಂದ ತಿಳಿಯಿತು. ಕಾಲು ಗೋಡೆಯ ಮುಂದೆ ನಿಂತಿತು. ಆಮೇಲೆ ನಿಟ್ಟುಸಿರು.

"ಪಾಪ, ಎಷ್ಟು ಸಣ್ಣ ವಯಸ್ಸು. ಏನಾಗಿತ್ತಂತೆ?"

ಒಳ್ಳೆಯ ಮನಸ್ಸಿನಿಂದ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ಧರ್ಮ. ನಾನು ತಲೆಗೆ ಜೇಡರ ಬಲೆ ಮೆತ್ತಿಕೊಂಡು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಟೇಬಲ್ಲಿನ ಕೆಳಗಿನಿಂದ ಎದ್ದು ಬಂದು, ನನಗೇನೂ ಆಗಿಲ್ಲಮ್ಮ ಎಂದೆ.

ಆ ಹುಡುಗ ದಿನಾ ಬರುತ್ತಿದ್ದ ಗಿರಾಕಿ. ಅವತ್ತಿನಿಂದ ಅವರಮ್ಮ ಅವನನ್ನು ಆ ಬೀದಿಗೇ ಬಿಡಲಿಲ್ಲ.

೫. ಡಾಕ್ಟರು ಬಂದಾಗ

ಅದಾದ ಮೇಲೆ ನಾನು ಗುಂಡ್ಲುಪೇಟೆಗೆ ಹೋಗುವುದನ್ನೇ ಬಿಟ್ಟೆ. ಭಾಯ್ ಫೋನ್ ಬಂದರೆ ಮಗಳ ಕೈಗೆ ಕೊಟ್ಟು, ಅಮ್ಮ ಇಲ್ಲ ಎನ್ನಿಸುತ್ತಿದ್ದೆ. ಮಗಳು, ಅಮ್ಮ ಇಲ್ಲ ಅಂತ ಹೇಳು ಅಂದ್ರು ಎನ್ನುತ್ತಿದ್ದಳು. ಎದುರು ಬೀದಿಯ ಸೆಂಟರ್ ಶುರುವಾಗಿದೆ, ಭಾಯ್ ಹತ್ತಿರ ಹಳೇ ಹುಡುಗರು ನಾಲ್ಕೈದು ಜನ ಮಾತ್ರ ಉಳಿದಿದ್ದಾರೆ ಎಂದು ಟೈಪಿಂಗ್‌ಗೆ ಬರುತ್ತಿದ್ದ ಅವರ ತಂಗಿಯ ಮಗಳಿಂದ ಕೇಳಿದ್ದೆ. ಸೆಂಟರ್ ಮುಚ್ಚುವ ಮಾತೂ ಮನೆಯಲ್ಲಿ ನಡೆದಿದೆಯಂತೆ. ಆ ಹುಡುಗಿ ಎದುರಿಗೆ ಕುಳಿತು ಟೈಪ್ ಮಾಡುತ್ತಿದ್ದರೆ ನನಗೆ ಅವಳ ಮುಖ ನೋಡಲು ಆಗುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಒಂದು ಶನಿವಾರ ನಮ್ಮತ್ತೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಬೇಕೆಂದರು. ಅತ್ತೆಯದು ನೇರ ನಾಲಿಗೆ. ನನ್ನ ರಿಪೇರಿ ವ್ಯವಹಾರದ ಬಗ್ಗೆ ಅವರಿಗೆ ಹೆಚ್ಚು ತಿಳಿಯದು, ನಾನೂ ತಿಳಿಸಿರಲಿಲ್ಲ. ಗುಂಡ್ಲುಪೇಟೆಯಲ್ಲಿ ಇಳಿದರೆ ಬೆಟ್ಟದ ಕಡೆಯ ಬಸ್ಸು ಇನ್ನೂ ಬಂದಿರಲಿಲ್ಲ. ಅತ್ತೆಗೆ ಬಾಯಾರಿಕೆ. ನಾನು ಸೆರಗು ತಲೆಗೆ ಎಳೆದುಕೊಂಡು ಬೇರೆ ದಿಕ್ಕಿಗೆ ನಡೆದೆ, ಅತ್ತೆ ನೇರವಾಗಿ ಹಿಂದಿನ ಬೀದಿಗೆ ನಡೆದರು. ಭಾಯ್ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ನನ್ನ ಸೆರಗಿನ ಒಳಗಿನಿಂದಲೇ ನನ್ನನ್ನು ಗುರುತು ಹಿಡಿದು, ಕೈ ಹಿಡಿದು ಒಳಗೆ ಎಳೆದುಕೊಂಡರು.

ಒಳಗೆ ಹೋಗಿ ನಾನು ಹಾಗೇ ನಿಂತೆ.

ಆರು ಕ್ಯಾಬಿನೆಟ್ಟುಗಳೂ ಬಟ್ಟೆ ತೊಟ್ಟಿದ್ದವು. ಮರೂನ್ ಬಣ್ಣದ ವೆಲ್ವೆಟ್, ಅಂಚಿಗೆ ಜರಿ ಲೇಸು, ಮೂಲೆಮೂಲೆಗೂ ಪೈಪಿಂಗ್. ಒಂದು ಸುಕ್ಕಿಲ್ಲ, ಮೈಗೆ ಎರಕ ಹೊಯ್ದ ಹಾಗೆ ಕುಳಿತಿದ್ದವು. ಬೆನ್ನಿಗೆ ರವಿಕೆಯ ಹಾಗೆ ಸಾಲಾಗಿ ಹುಕ್ಕು. ಮುಂದೆ ಸ್ವಿಚ್ ಒತ್ತಲು ಗುಂಡಿ ತೂರಿಸುವಂಥ ಒಂದು ಕಾಜಾ, ಅದರ ಸುತ್ತ ದಾರ ಒತ್ತೊತ್ತಾಗಿ ಸುತ್ತಿ ಹೊಲಿದದ್ದು. ಗಾಳಿ ಹೋಗಲು ಬರಲು ಒಂದು ರಂಧ್ರವೂ ಇರಲಿಲ್ಲ. ಒಂದರ ಮೇಲೆ ಕೈ ಇಟ್ಟೆ. ಕಾವಲಿ ಮುಟ್ಟಿದ ಹಾಗಾಗಿ ಕೈ ಹಿಂದಕ್ಕೆಳೆದುಕೊಂಡೆ. ಪರದೆಯ ಮೇಲೆ ಒಂದು ಕಾರು ನಡುರಸ್ತೆಯಲ್ಲಿ ನಿಂತಿತ್ತು.

ಭಾಯ್ ಓಡಿ ಬಂದರು. ಗುಡಿಸದ ಮನೆಗೆ ನೆಂಟರು ಬಂದರೆ ಆಗುವ ಹಾಗೆ ಅವರಿಗೆ ನಾಚಿಕೆಯಾಗಿತ್ತು. "ಹೇಳ್ದೆ ಬಂದ್ಬುಟ್ರಿ ಮೇಡಮ್ಮ. ಒಂದು ಫೋನ್ ಮಾಡಿದ್ರೆ ಬಿಚ್ಚಿ ಇಡ್ತಿದ್ದೆ."

ಇವನ್ನು ಯಾವಾಗಿನಿಂದ ಹಾಕುತ್ತಿದ್ದೀರಿ ಎಂದು ಕೇಳಿದೆ. ಅವರು ಹೇಳಿದರು. ಕಂಪ್ಯೂಟರ್ ಬಂದ ಮೇಲೆ ಕೈಗೆ ಕೆಲಸವಿಲ್ಲದೆ ಒಂಥರಾ ಆಗುತ್ತಿತ್ತಂತೆ. ಹೊಲಿಯದ ಕೈ ರಾತ್ರಿ ನಿದ್ದೆಯಲ್ಲೂ ಆಡುತ್ತಿತ್ತು ಎಂದು ಹೆಂಡತಿ ನಡುವೆ ಬಾಯಿ ಹಾಕಿದರು. ಒಂದು ಮಧ್ಯಾಹ್ನ ತಡೆಯಲಾರದೆ ಮಿಷನ್ ಇಳಿಸಿ, ಇರುವ ಗಿರಾಕಿಗಳು ಇವೇ ಆರು ಎಂದು, ಟೇಪು ಹಿಡಿದು ಅವುಗಳ ಅಳತೆ ತೆಗೆದು, ಕಾಟನ್ನಿನಲ್ಲಿ ಒಂದೊಂದು ಗವಸು ಹೊಲಿದರಂತೆ. ಧೂಳು ಹೋಗಬಾರದು ಎಂದು ನಾನು ಫೋನ್ ಮಾಡಿದ ಮೇಲೆ ಒಳಗೆ ದಪ್ಪ ಲೈನಿಂಗ್ ಕೊಟ್ಟರಂತೆ. ಅದರಿಂದಲೂ ಗುಣವಾಗದಿದ್ದಾಗ, ಪೂರ್ತಿ ಬಿಚ್ಚಿ ವೆಲ್ವೆಟ್‌ನಲ್ಲಿ ಹೊಸದಾಗಿಯೇ ಹೊಲಿದರಂತೆ.

"ಮತ್ತೆ ನಾನು ಬಂದಾಗ ಯಾಕೆ ಇರ್ತಿರ್ಲಿಲ್ಲ ಭಾಯ್?"

ಭಾಯ್ ನನ್ನನ್ನು ವಿಚಿತ್ರವಾಗಿ ನೋಡಿದರು. ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ.

"ಡಾಕ್ಟ್ರು ನೋಡೋಕೆ ಬತ್ತವ್ರೆ ಅಂದ್ರೆ ಅಂಗಿ ಬಿಚ್ಚಿ ಕೂತ್ಕಳಲ್ವಾ ಮೇಡಮ್ಮ?"

ಉಳಿದಿದ್ದ ನಾಲ್ಕೈದು ಹುಡುಗರೂ ಕುರ್ಚಿಯಿಂದ ಜಾರಿ ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ, ನೆಲ ಬಾಯಿ ಬಿಟ್ಟರೆ ಸಾಕೆನ್ನಿಸಿತು. ಒಂದು ಸಲ, ಒಂದೇ ಒಂದು ಸಲ ಹೇಳದೆ ಕೇಳದೆ ಬಂದಿದ್ದರೆ ಸಾಕಿತ್ತು. ನಾನು ಮಂಡಿಯೂರಿ ಕುಳಿತು ಆರು ಬೆನ್ನಿನ ಹುಕ್ಕುಗಳನ್ನು ಬಿಚ್ಚಿದೆ. ಹೊರಗಿನ ತಣ್ಣನೆ ಗಾಳಿ ತಾಗಿ ಸ್ವಲ್ಪ ಹೊತ್ತಿಗೆ ನಡುರಸ್ತೆಯಲ್ಲಿ ನಿಂತಿದ್ದ ಕಾರು ಹೊರಟಿತು. ಇನ್ನೊಂದೂ ಹೊರಟಿತು. ಹುಡುಗರು ಒಬ್ಬನನ್ನು ಎದುರು ಬೀದಿಗೆ ಓಡಿಸಿದರು, ಬಿಟ್ಟುಹೋದವರನ್ನು ಕರೆತರಲು. ಭಾಯ್ ಬಿಚ್ಚಿದ ಗವಸುಗಳನ್ನು ಮಡಿಸಿ ಮಡಿಸಿ ತೋಳಿನ ಮೇಲೆ ಹಾಕಿಕೊಳ್ಳುತ್ತಿದ್ದರು. ಅವರ ಕಣ್ಣು ತುಂಬಿತ್ತು.

ಇಷ್ಟು ಹೊತ್ತೂ ನಮ್ಮತ್ತೆ ಒಂದು ಸ್ಟೂಲಿನ ಮೇಲೆ ಕುಳಿತು ನೀರು ಕುಡಿಯುತ್ತಿದ್ದರು. ಕಾರಿನ ಕಡೆ ಅವರು ತಿರುಗಿಯೂ ನೋಡಿರಲಿಲ್ಲ. ಲೋಟ ಕೆಳಗಿಟ್ಟು, ಒಂದು ಗವಸನ್ನು ಎತ್ತಿಕೊಂಡು, ಒಳಮಗ್ಗಲು ಹೊರಮಗ್ಗಲು ಮಾಡಿ, ಹೊಲಿಗೆಯ ಮೇಲೆ ಉಗುರಾಡಿಸಿದರು. ಕಾಜಾವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ನನಗೆ ಎರಡು ರವಿಕೆ ಹೊಲಿಯಬೇಕು, ಈಗಿನವರು ಹೊಲಿದದ್ದು ಒಂದೂ ಕಂಕುಳಲ್ಲಿ ಸರಿಯಾಗಿ ಕೂರುವುದಿಲ್ಲ, ಅಳತೆ ತಗೊಳ್ಳಪ್ಪ ಎಂದರು. ಭಾಯ್ ಕೈ ತಾನಾಗಿ ಕತ್ತಿನ ಹತ್ತಿರ ಹೋಯಿತು, ಟೇಪು ಅಲ್ಲಿಲ್ಲವೆಂದು ನೆನಪಾಗಿ, ಹೆಂಡತಿಯನ್ನು ಕೂಗಿ ತರಿಸಿದರು. ಆಕೆ ಬಂದು ಅಳತೆ ಹಿಡಿದು ಹೇಳಿದರು, ಭಾಯ್ ಬರೆದುಕೊಂಡರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಆರು ಕಂಪ್ಯೂಟರ್ ಬಂದ ದಿನವೂ ನೋಡಿರಲಿಲ್ಲ.

ಅತ್ತೆ ಸೆರಗು ಸರಿಮಾಡಿಕೊಂಡು ಕೇಳಿದರು: "ಇಂಥ ಕೈ ಇಟ್ಕಂಡು ಈ ಡಬ್ಬ ಇಟ್ಕಂಡು ಯಾಕೆ ಕೂತಿದ್ದೀಯಪ್ಪ? ನಿಂಗೆ ಹೊಲಿಗೆ ಬುಡ್ಸಿದ್ದು ಯಾರು?"

ಭಾಯ್ ನನ್ನ ಕಡೆ ಒಂದು ಸಲ ನೋಡಿದರು. ಹೇಳಿಬಿಟ್ಟಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಆ ದೊಡ್ಡ ಮನುಷ್ಯ ತಲೆ ತಗ್ಗಿಸಿ, ಟೇಪು ಸುತ್ತುತ್ತ, ಯಾರೋ ತಿಳಿದೋರು ಹೇಳಿದ್ರು ತಾಯಿ ಎಂದರು.

ಅತ್ತೆ ನನ್ನ ಬ್ಯಾಗಿನಿಂದ ಇಣುಕುತ್ತಿದ್ದ ಸ್ಕ್ರೂಡ್ರೈವರ್ ಹಿಡಿ ನೋಡಿ ಹೇಳಿದರು: "ಆ ತಿಳಿದೋರು ಎಲ್ಲವ್ರೆ ಹುಡುಕವ್ವಾ. ಮೊದ್ಲು ಅವ್ರ ತಲೆ ಬಿಚ್ಚಿ ಧೂಳು ಊದ್ಬುಡು."

ಆಗಲಿ ಅತ್ತೆ ಎಂದೆ.